ನೂರು ಮೇಣದಬತ್ತಿಯ ಬೆಳಕು

ಹೋದ ದೀಪಾವಳಿಗೆ ನನ್ನ ತಂಗಿಯ ಮಗ ಹೊಸ ಟಿ.ವಿ. ಕೊಂಡ. ಪೆಟ್ಟಿಗೆಯ ಮೇಲೆ ‘ಎಚ್.ಡಿ.ಆರ್.’ ಎಂಬ ಮೂರು ಅಕ್ಷರಗಳು ದಪ್ಪಗೆ ಅಚ್ಚಾಗಿದ್ದವು. ಮಧ್ಯಾಹ್ನ ಮೂರು ಗಂಟೆ, ಕಿಟಕಿಗಳೆಲ್ಲ ತೆರೆದಿದ್ದವು. ಒಂದೇ ಚಿತ್ರವನ್ನು ಮೊದಲು ಹಳೆಯ ಕ್ರಮದಲ್ಲಿ, ಆಮೇಲೆ ಹೊಸ ಕ್ರಮದಲ್ಲಿ ಹಾಕಿ ತೋರಿಸಿ, “ವ್ಯತ್ಯಾಸ ಗೊತ್ತಾಯಿತೇ ಮಾವ?” ಎಂದ. ಗೊತ್ತಾಯಿತು. ಹೊಸದು ಮಂಕಾಗಿತ್ತು. ಹುಡುಗನ ಮುಖವೂ ಅಷ್ಟೇ ಮಂಕಾಯಿತು. ಹೆಚ್ಚು ಬೆಳಕಿನ ಹೆಸರು ಹೊತ್ತು ಬಂದ ಕ್ರಮ ಕಡಮೆ ಬೆಳಕು ಕೊಡುವುದೆಂದರೇನು? ಈ ಪ್ರಶ್ನೆಯ ಜಾಡು ಹಿಡಿದು ಹೊರಟರೆ ಸುಮಾರು ನೂರೆಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಚಿತ್ರದ ಅತಿ ಗಾಢವಾದ ಕಪ್ಪಿಗೂ ಅತಿ ಪ್ರಖರವಾದ ಬಿಳುಪಿಗೂ ನಡುವೆ ಇರುವ ಹರಹು ಎಷ್ಟು ಎಂಬುದೇ ಇಲ್ಲಿಯ ವಿಷಯ. ಒಂದು ಚದರ ಮೀಟರ್ ಅಗಲದಿಂದ ಒಂದು ಮೇಣದಬತ್ತಿಯಷ್ಟು ಬೆಳಕು ಕಣ್ಣಿನ ಕಡೆಗೆ ಬಂದರೆ ಅದನ್ನು ಒಂದು ‘ನಿಟ್’ ಎನ್ನುತ್ತಾರೆ. ಉರಿಬಿಸಿಲಿನಲ್ಲಿ ಇಟ್ಟ ಬಿಳಿಯ ಹಾಳೆ ಇಪ್ಪತ್ತೈದು ಮೂವತ್ತು ಸಾವಿರ ನಿಟ್‌ಗಳಷ್ಟು ಬೆಳಗುತ್ತದೆ. ಅದೇ ಹಾಳೆ ಬೆಳದಿಂಗಳಲ್ಲಿ ಒಂದು ನಿಟ್‌ನ ನೂರರಲ್ಲಿ ಕೆಲವೇ ಪಾಲು. ಕಣ್ಣು ಸ್ವಲ್ಪ ಹೊತ್ತು ಕೊಟ್ಟರೆ ಎರಡಕ್ಕೂ ಹೊಂದಿಕೊಳ್ಳುತ್ತದೆ. ಆದರೆ ಕ್ಯಾಮೆರಾ ಆ ಕಾಲದಲ್ಲಿ ಬಡಪಾಯಿ. 1850ರ ದಶಕದಲ್ಲಿ ಗಾಜಿನ ಫಲಕದ ಮೇಲೆ ಸಮುದ್ರವನ್ನು ಹಿಡಿದರೆ ಆಕಾಶ ಬರಿಯ ಬಿಳಿ ಗೋಡೆಯಾಗುತ್ತಿತ್ತು. ಮೋಡಗಳನ್ನು ಹಿಡಿದರೆ ಸಮುದ್ರ ಕತ್ತಲಲ್ಲಿ ಮುಳುಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ ಇದಕ್ಕೊಂದು ಉಪಾಯ ಮಾಡಿದ. ಆಕಾಶಕ್ಕೊಂದು, ನೀರಿಗೊಂದು ನೆಗೆಟಿವ್ ತೆಗೆದು, ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿ ಒಂದೇ ಕಾಗದಕ್ಕೆ ಇಳಿಸಿದ. 1857ರಲ್ಲಿ ಸೆತ್ ಎಂಬ ಊರಿನ ಕಡಲಂಚಿನಲ್ಲಿ ತೆಗೆದ ಅವನ ‘ಮಹಾ ಅಲೆ’ಯನ್ನು ನೋಡಿದವರಿಗೆ ಅದರಲ್ಲಿ ಹೊಲಿಗೆ ಇದೆಯೆಂದು ಸುಲಭವಾಗಿ ಹೊಳೆಯುವುದಿಲ್ಲ.

ಟಿ.ವಿ.ಗೆ ಇಂಥ ಹೊಲಿಗೆಯ ಅವಕಾಶವಿರಲಿಲ್ಲ. ಅದರ ಹಣೆಬರಹವನ್ನು ಬರೆದದ್ದು ಪಿಕ್ಚರ್ ಟ್ಯೂಬು. ಗಾಜಿನ ಕೊಳವೆಯ ಹಿಂದಿನಿಂದ ಎಲೆಕ್ಟ್ರಾನುಗಳ ಧಾರೆ ಬಂದು ಮುಂದಿನ ಲೇಪಕ್ಕೆ ಬಡಿದರೆ ಅಲ್ಲೊಂದು ಚುಕ್ಕೆ ಬೆಳಗುತ್ತದೆ. ಬೆಳಕು ಇನ್ನೂ ಬೇಕೆಂದು ಧಾರೆಯನ್ನು ಜೋರು ಮಾಡಿದರೆ ಚುಕ್ಕೆ ದಪ್ಪವಾಗಿ ಚಿತ್ರ ಮಸುಕಾಗುತ್ತಿತ್ತು, ಮಿಣುಕೂ ಎದ್ದು ಕಾಣುತ್ತಿತ್ತು. ಆದ್ದರಿಂದ ಸ್ಟುಡಿಯೋಗಳಲ್ಲಿ ಚಿತ್ರವನ್ನು ಹದಗೊಳಿಸುವವರು ಅತಿ ಬಿಳುಪಿಗೆ ಸುಮಾರು 100 ನಿಟ್ ಎಂದು ಇಟ್ಟುಕೊಂಡರು. ಬೆಂಗಳೂರಿಗೆ ದೂರದರ್ಶನ ಬಂದ ಎಂಬತ್ತರ ದಶಕದಲ್ಲಿ ಭಾನುವಾರದ ಸಿನಿಮಾಕ್ಕೆ ಮನೆಮಂದಿ, ನೆರೆಮನೆಯವರು ಎಲ್ಲ ಸೇರಿ ದೀಪ ಆರಿಸಿ, ಕಿಟಕಿಗೆ ಪರದೆ ಎಳೆದು ಕೂರುತ್ತಿದ್ದುದು ನನಗೆ ನೆನಪಿದೆ. ಆ ನೂರು ಮೇಣದಬತ್ತಿಗಳ ಬೆಳಕು ಹಗಲಿನ ಮುಂದೆ ನಿಲ್ಲುತ್ತಿರಲಿಲ್ಲ.

ಟ್ಯೂಬಿಗೆ ಇನ್ನೊಂದು ಗುಣವಿತ್ತು. ವಿದ್ಯುತ್ತಿನ ಒತ್ತಡವನ್ನು ಎರಡರಷ್ಟು ಮಾಡಿದರೆ ಅದರ ಬೆಳಕು ಎರಡರಷ್ಟಲ್ಲ, ಐದರಷ್ಟಾಗುತ್ತಿತ್ತು. ಈ ಡೊಂಕನ್ನು ಸರಿದೂಗಿಸಲು ಕ್ಯಾಮೆರಾದ ಕಡೆಯಲ್ಲಿ ತದ್ವಿರುದ್ಧವಾದ ಡೊಂಕನ್ನು ಕೊಟ್ಟರು. ಸ್ವಾರಸ್ಯವೇನೆಂದರೆ, ಮನುಷ್ಯನ ಕಣ್ಣು ನಸುಗಪ್ಪಿನ ಸಣ್ಣ ಭೇದಗಳನ್ನು ಗುರುತಿಸಿ ಪ್ರಖರ ಬೆಳಕಿನ ಭೇದಗಳನ್ನು ಅಲಕ್ಷಿಸುವ ರೀತಿಗೂ ಈ ಡೊಂಕಿಗೂ ಬಹುಮಟ್ಟಿಗೆ ತಾಳೆಯಾಗಿಬಿಟ್ಟಿತು. ಯಾರೂ ಬಯಸಿ ಮಾಡಿದ್ದಲ್ಲ, ಗಾಜು ಕೊಟ್ಟ ವರ. ಮುಂದೆ ಟ್ಯೂಬು ಸತ್ತು, ಗೋಡೆಗೆ ತೂಗುಹಾಕುವ ಚಪ್ಪಟೆ ಪರದೆಗಳು ಬಂದವು. ಅವು ಮೂರು ನಾಲ್ಕು ನೂರು ನಿಟ್ ಬೆಳಗಬಲ್ಲವು. ಆದರೂ 2011ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೊರಡಿಸಿದ ಮಾನಕದಲ್ಲಿ, ಚಪ್ಪಟೆ ಪರದೆಗಳು ಸತ್ತ ಟ್ಯೂಬಿನ ಡೊಂಕನ್ನೇ ಅನುಸರಿಸಬೇಕೆಂದು ಬರೆಯಲಾಯಿತು. ತಾತ ಹೋದಮೇಲೂ ಮನೆಯಲ್ಲಿ ಅವನ ಊಟದ ಹೊತ್ತೇ ನಡೆದುಕೊಂಡು ಬಂದ ಹಾಗೆ! ಇದನ್ನೇ ಈಗ ನಾವು ಸಾಧಾರಣ ಕ್ರಮ ಎನ್ನುತ್ತಿರುವುದು.

ಕಟ್ಟು ಮುರಿಯುವ ಕೆಲಸ ಅಷ್ಟರಲ್ಲೇ ಕೆನಡಾದ ವ್ಯಾಂಕೂವರಿನಲ್ಲಿ ಮೊದಲಾಗಿತ್ತು. ಬ್ರೈಟ್‌ಸೈಡ್ ಎಂಬ ಸಣ್ಣ ಸಂಸ್ಥೆಯವರು ಪರದೆಯ ಹಿಂದೆ ಎಲ್ಲೆಡೆ ಒಂದೇ ಸಮನಾದ ದೀಪವಿಡುವ ಬದಲು, ಬೇಕಾದ ಕಡೆ ಉರಿಯುವ, ಬೇಡವಾದ ಕಡೆ ಆರುವ ಪುಟ್ಟ ದೀಪಗಳ ಸಾಲನ್ನು ಇಟ್ಟರು. 2007ರಲ್ಲಿ ಡಾಲ್ಬಿ ಕಂಪೆನಿ ಅದನ್ನು ಕೊಂಡಿತು. ಡಾಲ್ಬಿಯವರು ಟ್ಯೂಬನ್ನು ಮರೆತು ಕಣ್ಣಿನಿಂದಲೇ ಲೆಕ್ಕ ಆರಂಭಿಸಿದರು: ಕಣ್ಣು ಗುರುತಿಸಬಲ್ಲ ಅತಿ ಸಣ್ಣ ಭೇದವೇ ಒಂದು ಮೆಟ್ಟಿಲು, ಮೆಟ್ಟಿಲುಗಳು ಏರುತ್ತ 10,000 ನಿಟ್‌ವರೆಗೆ ಹೋಗುತ್ತವೆ. 2014ರಲ್ಲಿ ಇದು ಮಾನಕವಾಯಿತು. ಹಳೆಯ ಕ್ರಮದ 256 ಮೆಟ್ಟಿಲುಗಳನ್ನು ಇಷ್ಟು ಎತ್ತರಕ್ಕೆ ಎಳೆದರೆ ಸಂಜೆಯ ಆಕಾಶದಲ್ಲಿ ಪಟ್ಟೆಗಳು ಕಾಣುತ್ತವೆ. ಆದ್ದರಿಂದ ಹೊಸದರಲ್ಲಿ ಕಡಮೆಯೆಂದರೆ 1,024.

ನನ್ನ ಸೋದರಳಿಯನ ತೊಂದರೆಯ ಮೂಲ ಇಲ್ಲಿದೆ. ಹಳೆಯ ಕ್ರಮದಲ್ಲಿ ಬಿಳುಪೆಂದರೆ ‘ನಿನ್ನ ಶಕ್ತಿ ಎಷ್ಟೋ ಅಷ್ಟು’ ಎಂದು ಅರ್ಥ. ಹಗಲಾದರೆ ಬೆಳಕನ್ನು ಏರಿಸಿಕೊಳ್ಳಬಹುದು. ಹೊಸ ಕ್ರಮ ‘ಇಷ್ಟೇ ನಿಟ್’ ಎಂದು ಆಜ್ಞೆ ಮಾಡುತ್ತದೆ. ಆ ಆಜ್ಞೆ ಹೊರಟಿರುವುದು ಕತ್ತಲ ಕೋಣೆಯಲ್ಲಿ ಕುಳಿತು ಚಿತ್ರವನ್ನು ಹದಗೊಳಿಸಿದವನಿಂದ. ಮುಖಗಳು, ಗೋಡೆಗಳು ಹೆಚ್ಚುಕಡಮೆ ಹಿಂದಿನ ಮಟ್ಟದಲ್ಲೇ ಉಳಿಯುತ್ತವೆ. ಹೆಚ್ಚಿನ ಬೆಳಕೆಲ್ಲ ದೀಪದ ಕುಡಿಗೆ, ನೀರಿನ ಮೇಲಿನ ಬಿಸಿಲಿಗೆ ಮೀಸಲು. ಅಗ್ಗದ ಟಿ.ವಿ.ಗೆ ಆ ಕುಡಿಯನ್ನು ಬೆಳಗಿಸುವ ತಾಕತ್ತೂ ಇರುವುದಿಲ್ಲ. ಸಾವಿರ ನಿಟ್‌ಗೆ ಹದಗೊಳಿಸಿದ ಚಿತ್ರವನ್ನು ಮುನ್ನೂರಕ್ಕೆ ಅದುಮಿ ತೋರಿಸುತ್ತದೆ. ಪೆಟ್ಟಿಗೆಯ ಮೇಲಿನ ಮೂರಕ್ಷರ ಸುಳ್ಳಲ್ಲ. ಆ ಭಾಷೆ ಅದಕ್ಕೆ ಅರ್ಥವಾಗುತ್ತದೆ, ಮಾತಾಡಲು ಬಾರದು ಅಷ್ಟೆ. ಕೊಳ್ಳುವವನಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲವೆಂಬುದು ನನಗೆ ಅನ್ಯಾಯವಾಗಿ ತೋರುತ್ತದೆ. ಮನೆಗಳಲ್ಲಿ ಹಗಲೂ ಇರುತ್ತದೆಂದು ನೆನಪಿಟ್ಟವರು ಪ್ರಸಾರದವರು. ಬ್ರಿಟನ್ನಿನ ಬಿ.ಬಿ.ಸಿ. ಮತ್ತು ಜಪಾನಿನ ಎನ್.ಎಚ್.ಕೆ. ಕೂಡಿ, ಹಳೆಯ ಟಿ.ವಿ.ಗಳಲ್ಲೂ ನೋಡುವಂತಿರುವ, ಪರದೆಯ ಶಕ್ತಿಗೆ ತಕ್ಕಂತೆ ಬಗ್ಗುವ ಬೇರೊಂದು ಕ್ರಮವನ್ನು ರೂಪಿಸಿದರು. 2016ರ ಜುಲೈಯಲ್ಲಿ ಒಕ್ಕೂಟ ಎರಡನ್ನೂ ಒಪ್ಪಿತು.

ರಾತ್ರಿ ಊಟವಾದಮೇಲೆ ದೀಪ ಆರಿಸಿ ಮತ್ತೆ ನೋಡಿದೆವು. ಈಗ ಹೊಸ ಕ್ರಮ ನಿಜಕ್ಕೂ ಚೆನ್ನಾಗಿತ್ತು. ನೆರಳಿನೊಳಗಿನ ಬಟ್ಟೆಯ ನೆರಿಗೆ ಕೂಡ ಕಂಡಿತು. ಆಮೇಲೆ ನಾನು ಗುರುದತ್ತರ ‘ಕಾಗಜ್ ಕೆ ಫೂಲ್’ ಹಾಕೆಂದೆ. 1959ರ ಕಪ್ಪು ಬಿಳುಪಿನ ಚಿತ್ರ. ಛಾಯಾಗ್ರಾಹಕರು ಮೈಸೂರಿನಲ್ಲಿ ಹುಟ್ಟಿದ ವಿ.ಕೆ. ಮೂರ್ತಿ, ಅವರು ತೀರಿಕೊಂಡದ್ದು 2014ರಲ್ಲಿ, ಹೊಸ ಕ್ರಮ ಮಾನಕವಾದ ವರ್ಷವೇ. ಖಾಲಿ ಸ್ಟುಡಿಯೋದಲ್ಲಿ ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುವ ದೃಶ್ಯಕ್ಕೆ ಅವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಒಳಗೆ ತಂದಿದ್ದರು. ಸುತ್ತಲೂ ಕತ್ತಲನ್ನು ಹಾಗೆಯೇ ಬಿಟ್ಟಿದ್ದರು. ಆ ದೃಶ್ಯ ಬಂದಾಗ ಹುಡುಗ ಕೈಯಲ್ಲಿದ್ದ ರಿಮೋಟನ್ನು ಕೆಳಗಿಟ್ಟ. ಪರದೆಯ ಮೂಲೆಯಲ್ಲಿ ಆ ಮೂರಕ್ಷರ ಮೂಡಿರಲಿಲ್ಲ. ಅದು ಹಳೆಯ ಕ್ರಮದ ಪ್ರತಿ.