ಪುಣೆಯ ಡೆಕ್ಕನ್ ಕಾಲೇಜಿನ ಕಟ್ಟಡ: ಕನ್ನಡ ಸಂಶೋಧನೆಯ ದೃಷ್ಟಿಯಿಂದ

ವಿಕ್ಟೋರಿಯಾ ಕಾಲದ ವಿದ್ಯಾಲಯ ಕಟ್ಟಡಗಳ ಬೆಲೆಯನ್ನು ಅವುಗಳ ಶೈಲಿಯೊಂದರಿಂದಲೇ ಅಳೆಯುವ ರೂಢಿ ನಮ್ಮಲ್ಲಿ ಬೆಳೆದಿದೆ. ಪುಣೆಯ ಡೆಕ್ಕನ್ ಕಾಲೇಜನ್ನು ಮುಂದಿಟ್ಟುಕೊಂಡು ಈ ರೂಢಿಯನ್ನು ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಸಂಸ್ಥೆಯು ಕಟ್ಟಡಕ್ಕಿಂತ ಹಳೆಯದು. ಪೇಶ್ವೆಯರ ಪತನಾನಂತರ ಅವರ ದಕ್ಷಿಣಾ ನಿಧಿಯ ಒಂದಂಶದಿಂದ 1821ರಲ್ಲಿ ತೆರೆದ ಸಂಸ್ಕೃತ ಪಾಠಶಾಲೆಯೇ ಇದರ ಮೂಲ. ಅದು 1851ರಲ್ಲಿ ಪೂನಾ ಕಾಲೇಜಾಯಿತು. 1864ರಲ್ಲಿ ಗವರ್ನರ್ ಸರ್ ಬಾರ್ಟಲ್ ಫ್ರಿಯರ್ ಯೆರವಡೆಯ ಬಳಿ ಹೊಸ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ವಿನ್ಯಾಸ ಸೇನಾ ಇಂಜಿನಿಯರ್ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್ ಅವರದು. ದೊಡ್ಡ ದೇಣಿಗೆ ಜೀಜೀಭಾಯಿ ಮನೆತನದ್ದು. 1868ರಲ್ಲಿ ಕಾಲೇಜು ಇಲ್ಲಿಗೆ ಬಂದಿತು. ಮೊನೆಗಮಾನುಗಳ ಗಾಥಿಕ್ ರೂಪ ಇಂಗ್ಲೆಂಡಿನದು; ಕಲ್ಲು ಮಾತ್ರ ಇದೇ ನೆಲದ ಕರಿಗಲ್ಲು.

ಇಷ್ಟಕ್ಕೆ ನಿಂತರೆ ಇದು ಅಂದಿನ ಹಲವು ಸರಕಾರಿ ಕಟ್ಟಡಗಳಲ್ಲೊಂದು, ಅಷ್ಟೆ. ಆದರೆ ಚಾಲುಕ್ಯ, ರಾಷ್ಟ್ರಕೂಟರ ಚರಿತ್ರೆಯನ್ನು ನಿರೂಪಿಸಿದ ರಾ. ಗೋ. ಭಂಡಾರಕರರ ದಖ್ಖನದ ಪ್ರಾಚೀನ ಇತಿಹಾಸವು 1884ರಲ್ಲಿ ಹೊರಬಂದಾಗ ಅವರು ಇಲ್ಲಿಯೇ ಸಂಸ್ಕೃತ ಪ್ರಾಧ್ಯಾಪಕರಾಗಿದ್ದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅದಕ್ಕೆ ಮುಂಚೆ ಮುಂಬಯಿ ಕರ್ನಾಟಕದ ತರುಣರಿಗೆ ಉನ್ನತ ಶಿಕ್ಷಣವೆಂದರೆ ಪುಣೆ, ಇಲ್ಲವೆ ಮುಂಬಯಿ.

1934ರಲ್ಲಿ ಸರಕಾರ ಕಾಲೇಜನ್ನು ಮುಚ್ಚಿತು. ಹಳೆಯ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1939ರಲ್ಲಿ ಅದು ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮರುಹುಟ್ಟು ಪಡೆಯಿತು. ನಮ್ಮ ಅಭಿಪ್ರಾಯದಲ್ಲಿ ಕಟ್ಟಡವನ್ನು ಉಳಿಸಿದ್ದು ಅದರ ಸೌಂದರ್ಯವಲ್ಲ, ಈ ಹಟ. ಪಾಠ ನಿಂತ ಕಟ್ಟಡ ಕಚೇರಿಯೋ ಉಗ್ರಾಣವೋ ಆಗಲು ಎಷ್ಟು ಹೊತ್ತು ಬೇಕು?

ಮರುಹುಟ್ಟಿನ ಫಲದಲ್ಲಿ ಕನ್ನಡನಾಡಿಗೆ ದೊಡ್ಡ ಪಾಲಿದೆ. ಬಳ್ಳಾರಿ ಪ್ರದೇಶದ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಬಿ. ಸುಬ್ಬರಾವ್ ಅವರ ಗ್ರಂಥ 1948ರಲ್ಲಿ ಈ ಸಂಸ್ಥೆಯಿಂದ ಪ್ರಕಟವಾಯಿತು. ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯನ್ನು ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಇಲ್ಲಿಂದಲೇ ಹೋಗಿ ಅಗೆದರು. ವರದಿ 1965ರಲ್ಲಿ ಬಂದಿತು. ಕೆ. ಪದ್ದಯ್ಯನವರು ಹುಣಸಗಿ ಕಣಿವೆಯಲ್ಲಿ ದಶಕಗಳ ಕಾಲ ದುಡಿದರು. ಅಲ್ಲಿನ ಇಸಾಂಪುರದ ಕಲ್ಲಾಯುಧ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಸೂಚಿಸಲಾಗಿದೆ. ಭಾಷಾವಿಜ್ಞಾನದಲ್ಲಿ ಡಿ. ಎನ್. ಶಂಕರ ಭಟ್ಟರ ಹೆಸರನ್ನು ಹೇಳಿದರೆ ಸಾಕು.

ಟಿಳಕರು ವಿದ್ಯಾರ್ಥಿಯಾಗಿ ವಾಸವಿದ್ದ ಕೊಠಡಿಯನ್ನು ಸ್ಮಾರಕವಾಗಿ ಕಾಯ್ದಿರಿಸಲಾಗಿದೆ, ಅದು ಉಚಿತವೇ. ಆದರೆ ಯಾವ ಕೊಠಡಿಯಲ್ಲಿ ಯಾರು ಯಾವ ಕೆಲಸ ಮಾಡಿದರೆಂಬುದೂ ಕಮಾನು, ಮಾಡುಗಳ ವಿವರದೊಡನೆ ಸಂರಕ್ಷಣೆಯ ದಾಖಲೆಗೆ ಸೇರಬೇಕೆಂಬುದು ನಮ್ಮ ಸೂಚನೆ. ಪುಣೆಯಲ್ಲಿರುವ ಕನ್ನಡ ಸಂಶೋಧಕರಿಗೆ ಈ ಕೆಲಸ ಕೈಯಳತೆಯಲ್ಲಿದೆ.