ಸ್ನೇಹಲತಾ ರೆಡ್ಡಿ ಮತ್ತು ತುರ್ತುಪರಿಸ್ಥಿತಿಯ ನೆನಪು

ಸ್ನೇಹಲತಾ ರೆಡ್ಡಿ (1932–1977) ರಂಗಭೂಮಿ ಮತ್ತು ಕನ್ನಡ ಚಲನಚಿತ್ರ ಕಲಾವಿದೆ. ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಟ್ಟು ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಿದ್ದ ತುರ್ತುಪರಿಸ್ಥಿತಿಯಲ್ಲಿ (1975–77) ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಬಂಧಿಯಾಗಿದ್ದವರು. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪತಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ (1970) ಚಿತ್ರವು ಜಾತಿವೈಷಮ್ಯ ಕೆರಳಿಸೀತೆಂಬ ಅಂಜಿಕೆಯಿಂದ ಮೊದಲು ಮದರಾಸಿನ ಸೆನ್ಸಾರ್ ಮಂಡಳಿಯ ನಿಷೇಧಕ್ಕೆ ಒಳಗಾಗಿ, ಬಳಿಕ ಬಿಡುಗಡೆಗೊಂಡು, ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದರಲ್ಲಿ ಸ್ನೇಹಲತಾ ವಹಿಸಿದ, ಅಗ್ರಹಾರದ ಕಟ್ಟಳೆಗೆ ಹೊರಗಾದ ಚಂದ್ರಿಯ ಪಾತ್ರವನ್ನು ಅವರ ಮುಂದಿನ ಬದುಕಿನಿಂದ ಬೇರ್ಪಡಿಸಿ ನೋಡುವುದು ಕಷ್ಟ.

ಲೋಹಿಯಾವಾದಿಯಾಗಿದ್ದ ಅವರನ್ನು ತುರ್ತುಪರಿಸ್ಥಿತಿಯ ವಿರುದ್ಧ ಸ್ಫೋಟಗಳಿಗೆ ಸಂಚು ಹೂಡಿದ ಆರೋಪದ ಬರೋಡಾ ಡೈನಮೈಟ್ ಪ್ರಕರಣದ ಹಿನ್ನೆಲೆಯಲ್ಲಿ 1976ರ ಮೇ ತಿಂಗಳಲ್ಲಿ ಬಂಧಿಸಿ, ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಅವಕಾಶವಿದ್ದ ಮೀಸಾ ಕಾಯಿದೆಯಡಿ ಇರಿಸಲಾಯಿತು; ಉಬ್ಬಸದಿಂದ ನರಳುತ್ತಿದ್ದ ಅವರು ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅವರ ಸೆರೆಮನೆಯ ದಿನಚರಿ ಅನಂತರ ಪ್ರಕಟವಾಯಿತು.

ಅದೇ ಕಾಲದಲ್ಲಿ ಸರ್ಕಾರಿ ಪ್ರಚಾರಕ್ಕೆ ಸಹಕರಿಸದ ಗಾಯಕ ಕಿಶೋರ್ ಕುಮಾರರ ಹಾಡುಗಳನ್ನು ಆಕಾಶವಾಣಿಯಿಂದ ಕೈಬಿಡಲಾಗಿತ್ತು. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ವರದಿಯ ಪ್ರತಿಗಳು 1980ರಲ್ಲಿ ಅಧಿಕಾರ ಬದಲಾದ ಮೇಲೆ ಗ್ರಂಥಾಲಯಗಳಲ್ಲಿಯೂ ಸಿಗದಷ್ಟು ವಿರಳವಾದವು. ಸಂಸದರಾಗಿದ್ದ ಇರಾ ಸೆಳಿಯನ್ ಅದನ್ನು 2010ರಲ್ಲಿ ಮರುಮುದ್ರಿಸಿದರು. ಹಾಡನ್ನು ಬಾನುಲಿಯಿಂದ ತೆಗೆಯುವುದಕ್ಕಿಂತ ವರದಿಯನ್ನು ಕಪಾಟಿನಿಂದ ತೆಗೆಯುವುದು ಹೆಚ್ಚು ಪರಿಣಾಮಕಾರಿ, ಏಕೆಂದರೆ ಹಾಡು ಜನರ ಬಾಯಲ್ಲಿ ಉಳಿಯುತ್ತದೆ.

ಸ್ನೇಹಲತಾ ಬಂಧಿಯಾಗಿದ್ದ ಕಾರಾಗೃಹದ ಆವರಣವೀಗ ಫ್ರೀಡಂ ಪಾರ್ಕ್. ಬೆಂಗಳೂರಿನ ಪ್ರತಿಭಟನೆಗಳಿಗೆ ಸರ್ಕಾರ ಗೊತ್ತುಪಡಿಸಿರುವ ಜಾಗವೂ ಅದೇ.