ಎತ್ತರದ ಗಾಡಿಯ ಹಿಂದಿನ ಸೀಟು

ನಮ್ಮ ಕಡೆ ಹೆಂಗಸರು ಮೊದಲು ಹತ್ತಿದ ಮೋಟಾರು ಗಾಡಿ ಬಸ್ಸು. ಎರಡನೆಯದು ಬಹುಶಃ ಜೀಪು, ಅದೂ ಸ್ವಂತದ್ದಲ್ಲ, ಸರ್ಕಾರದ್ದು. ಆಪರೇಷನ್ ಕ್ಯಾಂಪು ಮುಗಿಸಿದ ಬಾಣಂತಿಯರನ್ನೂ ಹೆರಿಗೆ ನೋವು ಬಂದವರನ್ನೂ ಹೊತ್ತು ತಂದ ಆರೋಗ್ಯ ಇಲಾಖೆಯ ಜೀಪನ್ನು ಜಗಳೂರಿನ ಹಳ್ಳಿಗಳ ಹಿರಿಯ ಹೆಂಗಸರು ಈಗಲೂ ನೆನೆಯುತ್ತಾರೆ. ಟಾರೇ ಕಾಣದ ದಾರಿಯಲ್ಲಿ ಅದು ಬಾರದಿದ್ದರೆ ಎಷ್ಟು ತಾಯಂದಿರು ಉಳಿಯುತ್ತಿದ್ದರೋ! ಆದ್ದರಿಂದ ಎತ್ತರದ ಗಾಡಿಗಳನ್ನು ನಾನು ಬಯ್ಯಲು ಕುಳಿತಿದ್ದೇನೆಂದು ಯಾರೂ ತಿಳಿಯಬೇಡಿ. ಅವು ಯಾಕೆ ಮಗುಚುತ್ತವೆ, ಆ ಸಂಗತಿ ತಿಳಿದವರು ಎಷ್ಟು ತಡವಾಗಿ ಬಾಯಿ ಬಿಟ್ಟರು, ಮಗುಚಿದಾಗ ಹಿಂದೆ ಕೂತವರ ಗತಿ ಏನು ಎಂಬುದಷ್ಟೇ ನನ್ನ ವಿಷಯ. ಹಿಂದೆ ಕೂರುವವರು ಯಾರೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಾವು ಮತ್ತು ನಮ್ಮ ಮಕ್ಕಳು.

ಜೀಪು ಹುಟ್ಟಿದ್ದು ಯುದ್ಧಕ್ಕೆ. 1941ರ ಹೊತ್ತಿಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೈನ್ಯಕ್ಕಾಗಿ ಅದನ್ನು ಸಾವಿರ ಸಾವಿರ ಲೆಕ್ಕದಲ್ಲಿ ತಯಾರಿಸತೊಡಗಿದ್ದವು. ಹಳ್ಳ, ಕಲ್ಲು, ಕೆಸರು ದಾಟಬೇಕು. ಅದಕ್ಕೆ ಹೊಟ್ಟೆ ನೆಲಕ್ಕೆ ತಾಗಬಾರದು. ಕಿರಿದಾದ ದಾರಿಯಲ್ಲಿ ನುಗ್ಗಬೇಕು. ಅದಕ್ಕೆ ಅಗಲ ಕಡಿಮೆ ಇರಬೇಕು. ಎತ್ತರ ಹೆಚ್ಚು, ಅಗಲ ಕಡಿಮೆ. ಸಿಪಾಯಿಗೆ ಇದು ವರ. ನಮ್ಮಲ್ಲಿ ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಅದೇ ವಿಲ್ಲಿಸ್ ಜೀಪನ್ನು ಜೋಡಿಸಲು ಶುರು ಮಾಡಿದರು. ತಹಶೀಲ್ದಾರರು, ಪೊಲೀಸರು, ಎಲೆಕ್ಷನ್ ಪ್ರಚಾರಕ್ಕೆ ಬಂದವರು, ಆಮೇಲೆ ಚನ್ನಗಿರಿಯ ಅಡಿಕೆ ತೋಟದವರು, ಹೀಗೆ ಜೀಪು ಕೈಯಿಂದ ಕೈಗೆ ಬಂತು. ಯುದ್ಧ ಮುಗಿದಿತ್ತು, ಗಾಡಿಯ ಮೈಕಟ್ಟು ಮಾತ್ರ ಹಾಗೇ ಉಳಿದಿತ್ತು.

ತೊಂಬತ್ತರ ದಶಕದಲ್ಲಿ ಒಂದು ಹೊಸ ಗಾಳಿ ಬೀಸಿತು. 1993ರಲ್ಲಿ ಮಹೀಂದ್ರಾ ಅರ್ಮಾಡಾ, 1994ರಲ್ಲಿ ಟಾಟಾ ಸುಮೋ. ಸುಮೋ ಎಂದರೆ ಜಪಾನಿನ ಡೊಳ್ಳುಹೊಟ್ಟೆ ಪೈಲ್ವಾನರೆಂದೇ ನಾವೆಲ್ಲ ನಂಬಿದ್ದೆವು. ಅದು ಟಾಟಾ ಕಂಪನಿಯ ಹಿರಿಯರಾಗಿದ್ದ ಸುಮಂತ್ ಮೂಳ್‌ಗಾಂವ್‌ಕರ್ ಅವರ ಹೆಸರಿನ ಮೊದಲಕ್ಷರಗಳೆಂದು ಎಷ್ಟೋ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. 2000ದಲ್ಲಿ ನಮ್ಮದೇ ಬಿಡದಿಯಲ್ಲಿ ತಯಾರಾದ ಕ್ವಾಲಿಸ್ ಬಂತು, ಅದೇ ವರ್ಷ ಬೊಲೆರೋ ಬಂತು. ಬಾಡಿಗೆಗೆ ಟೆಂಪೋ ಟ್ರ್ಯಾಕ್ಸ್ ಇದ್ದೇ ಇತ್ತು. ಮದುವೆ ದಿಬ್ಬಣ, ಧರ್ಮಸ್ಥಳ, ಸವದತ್ತಿ, ಕೊಡದಗುಡ್ಡದ ಜಾತ್ರೆ ಎಲ್ಲಕ್ಕೂ ಇವೇ. ಕ್ವಾಲಿಸ್ ತಯಾರಿಕೆ 2005ರಲ್ಲೂ ಸುಮೋ ತಯಾರಿಕೆ 2019ರಲ್ಲೂ ನಿಂತುಹೋದವು. ಗಾಡಿಗಳೇನೂ ಮನೆಗೆ ಹೋಗಲಿಲ್ಲ ನೋಡಿ. ಹೊನ್ನಾಳಿ ಸಂತೆಯ ದಿನ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಗಳಿಗೆ ನಿಂತರೆ ಸಾಕು, ಇಪ್ಪತ್ತು ವರ್ಷದ ಮುದುಕ ಗಾಡಿಗಳು ಬಣ್ಣ ಹೊಡೆಸಿಕೊಂಡು ಮದುಮಗನಂತೆ ನಿಂತಿರುತ್ತವೆ.

ಮಗುಚುವುದರ ಗುಟ್ಟು ನಮಗೆ ಅಡುಗೆಮನೆಯಲ್ಲೇ ಗೊತ್ತಿದೆ. ಅಗಲ ಬಾಯಿಯ ಬೋಗುಣಿಯನ್ನು ತಳ್ಳಿದರೆ ಜಾರುತ್ತದೆ, ಉದ್ದನೆಯ ಲೋಟವನ್ನು ತಳ್ಳಿದರೆ ಬೀಳುತ್ತದೆ. ಎಂಜಿನಿಯರುಗಳು ಇದನ್ನೇ ಲೆಕ್ಕದಲ್ಲಿ ಬರೆದರು. ಎಡ ಬಲ ಗಾಲಿಗಳ ನಡುವಿನ ಅಂತರದಲ್ಲಿ ಅರ್ಧ ತೆಗೆದುಕೊಂಡು, ಗಾಡಿಯ ಭಾರವೆಲ್ಲ ಒಂದೆಡೆ ಕೂಡಿದಂತಿರುವ ಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಬೇಕು. ಸಾಧಾರಣ ಕಾರಿಗೆ ಇದು 1.3ರಿಂದ 1.5ರವರೆಗೆ ಬರುತ್ತದೆ. ಎತ್ತರದ ಗಾಡಿಗಳಿಗೆ 1.0ರಿಂದ 1.3. ಅಂಕಿ ಇಳಿದಷ್ಟೂ ಲೋಟದ ಜಾತಿ. ತೇರು ಎಳೆಯುವಾಗ ಗಾಲಿಗೆ ಸನ್ನೆ ಹಾಕುವವರ ಮುಖದ ಮೇಲಿನ ಆತಂಕ ನೋಡಿದ್ದೀರಲ್ಲ? ಅವರಿಗೆ ಈ ಭಾಗಾಕಾರ ಯಾರೂ ಹೇಳಿಕೊಟ್ಟಿಲ್ಲ, ಆದರೂ ಗೊತ್ತು.

ಇದು ಅಮೆರಿಕದಲ್ಲಿ ದೊಡ್ಡ ರಂಪವಾಯಿತು. 1980ರಲ್ಲಿ ಸಿಜೆ-5 ಎಂಬ ಜೀಪು ತಿರುವಿನಲ್ಲಿ ಮಗುಚುವ ಪರೀಕ್ಷೆಯನ್ನು ಅಲ್ಲಿನ ಟಿ.ವಿ.ಯಲ್ಲಿ ತೋರಿಸಿದರು. 1988ರಲ್ಲಿ ಗ್ರಾಹಕರ ಪತ್ರಿಕೆಯಾದ ಕನ್ಸ್ಯೂಮರ್ ರಿಪೋರ್ಟ್ಸ್, ಸುಜುಕಿ ಸಮುರಾಯ್ ಗಾಡಿ ತಟಕ್ಕನೆ ತಿರುಗಿಸಿದರೆ ಎರಡು ಗಾಲಿಯ ಮೇಲೆ ಏಳುತ್ತದೆಂದು ಬರೆದು, ಕೊಳ್ಳಲು ಯೋಗ್ಯವಲ್ಲ ಎಂದಿತು. ಕಂಪನಿ ಒಪ್ಪಲಿಲ್ಲ. ಪರೀಕ್ಷೆಯೇ ಮೋಸದ್ದೆಂದು 1996ರಲ್ಲಿ ದಾವೆ ಹೂಡಿತು, 2004ರಲ್ಲಿ ರಾಜಿಯಾಯಿತು. ಅಲ್ಲಿನ ಸರ್ಕಾರವೂ ಗಾಡಿಯನ್ನು ವಾಪಸು ಕರೆಸಲು ಒಪ್ಪಿರಲಿಲ್ಲ. ಯಾರು ಸರಿ ಎಂಬ ವಾದ ಹಾಗಿರಲಿ. ಸಮುರಾಯ್ ನಮ್ಮ ಮಾರುತಿ ಜಿಪ್ಸಿಯ ಒಡಹುಟ್ಟು. ಜಿಪ್ಸಿ 1985ರ ಕೊನೆಯಲ್ಲಿ ನಮ್ಮ ಮಾರುಕಟ್ಟೆಗೆ ಬಂತು. 1993ರಲ್ಲಿ ಅದರ ಗಾಲಿಗಳ ನಡುವಿನ ಅಂತರವನ್ನು 90 ಮಿಲಿಮೀಟರಿನಷ್ಟು ಹೆಚ್ಚಿಸಿದರು. ಮೂರೂವರೆ ಅಂಗುಲ! ಲೋಟದ ತಳ ಅಷ್ಟು ಅಗಲವಾಯಿತು.

ಇನ್ನೂ ದೊಡ್ಡ ಗದ್ದಲ 2000ದ ಆಗಸ್ಟಿನದು. ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸು ಕರೆಸಿತು. ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಕುಟುಂಬದ ಗಾಡಿಗೆ ಹಾಕಿದವು. ಬೇಸಿಗೆಯಲ್ಲಿ ವೇಗವಾಗಿ ಓಡುವಾಗ ಟೈರಿನ ಮೇಲಿನ ಪದರ ಕಿತ್ತು ಬರುತ್ತಿತ್ತು, ಗಾಡಿ ಅಡ್ಡ ತಿರುಗಿ ಉರುಳುತ್ತಿತ್ತು. ಅಮೆರಿಕ ಸರ್ಕಾರದ ಲೆಕ್ಕದಲ್ಲಿ ಸತ್ತವರು 271 ಮಂದಿ. ಟೈರಿನವರು ಗಾಡಿಯನ್ನು ದೂರಿದರು, ಗಾಡಿಯವರು ಟೈರನ್ನು ದೂರಿದರು. ಅತ್ತೆ ಸೊಸೆ ಜಗಳದಲ್ಲಿ ಮಗು ಬಡವಾಯಿತು ಎಂಬ ಹಾಗೆ. ಆಮೇಲೆ, 2001ರಿಂದ, ಯಾವ ಗಾಡಿ ಎಷ್ಟು ಸುಲಭವಾಗಿ ಉರುಳೀತು ಎಂಬುದಕ್ಕೆ ಅಲ್ಲಿನ ಸರ್ಕಾರ ನಕ್ಷತ್ರ ಕೊಟ್ಟು ಪ್ರಕಟಿಸತೊಡಗಿತು. ಲೆಕ್ಕ ಮಾತ್ರ ನಾನು ಮೇಲೆ ಹೇಳಿದ್ದೇ, ಹೊಸದೇನಲ್ಲ.

ಈ ಸುದ್ದಿಗಳು ಇಲ್ಲಿಗೆ ಬಂದಾಗ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. ನಮಗೆ ರಸ್ತೆಯ ಭಯ ಹುಟ್ಟಿಸಿದ್ದು ಬೇರೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ಶಂಕರ್‌ನಾಗ್ ಅಪಘಾತದಲ್ಲಿ ಹೋದರಲ್ಲ, ಅಂದಿನಿಂದ ನಮ್ಮ ಮನೆಗಳಲ್ಲಿ ಹೈವೇ ಎಂದರೆ ಒಂದು ನಿಟ್ಟುಸಿರು. ಅದು ಗಾಡಿ ತಾನಾಗಿ ಮಗುಚಿದ ಕಥೆಯಲ್ಲ. 2021ರ ಜನವರಿ 15ರಂದು ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಮಿನಿಬಸ್ಸು ಧಾರವಾಡದ ಇಟಿಗಟ್ಟಿ ಬಳಿ ಟಿಪ್ಪರಿಗೆ ಗುದ್ದಿ ಹತ್ತಕ್ಕೂ ಹೆಚ್ಚು ಮಂದಿ ಹೋದದ್ದೂ ಅಷ್ಟೇ. ದೊಡ್ಡ ಡಿಕ್ಕಿಗಳು ಊರಿಗೆಲ್ಲ ನೆನಪಿರುತ್ತವೆ. ಒಂಟಿ ಗಾಡಿ ನಾಲೆಗೋ ಹೊಲಕ್ಕೋ ಉರುಳಿದ್ದು ಮಾತ್ರ ಆ ಮನೆಯವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ.

ನಮ್ಮ ಸೋದರತ್ತೆಯದು ಅಂಥದೇ. ಭದ್ರಾ ನಾಲೆಯ ಪಕ್ಕದ ದಾರಿ, ಬಾಡಿಗೆ ಗಾಡಿ, ಯಾವ ಕಂಪನಿಯದೆಂಬುದು ಇಲ್ಲಿ ಬೇಡ. ಏಳು ಮಂದಿಯ ಗಾಡಿಯಲ್ಲಿ ಮಕ್ಕಳೂ ಸೇರಿ ಹದಿನಾಲ್ಕು ಜನ. ಮೇಲಿನ ಕ್ಯಾರಿಯರಿನಲ್ಲಿ ದೇವರ ಕಾರ್ಯಕ್ಕೆಂದು ಒಯ್ದ ಹಿತ್ತಾಳೆ ಹಂಡೆ, ಅಕ್ಕಿ ಚೀಲ, ಜಮಖಾನೆ. ಎದುರಿಗೆ ಟ್ರ್ಯಾಕ್ಟರ್ ಬಂತೆಂದು ಡ್ರೈವರು ಎಡಕ್ಕೆ ಸರಿದ. ಟಾರಿನ ಅಂಚು ಒಂದು ಗೇಣು ಎತ್ತರ, ಕೆಳಗೆ ಮಳೆಗೆ ನೆಂದ ಮಣ್ಣು. ಎಡಗಾಲಿಗಳು ಇಳಿದವು. ಆತ ಗಾಬರಿಯಲ್ಲಿ ಸ್ಟೇರಿಂಗನ್ನು ಬಲಕ್ಕೆ ಜಗ್ಗಿದ. ಗಾಡಿ ಒಂದು ಸುತ್ತು ಉರುಳಿ ನಾಲೆಯ ದಂಡೆಯಲ್ಲಿ ನಿಂತಿತು. ನೀರಿಗೆ ಬೀಳಲಿಲ್ಲ. ಹಿಂದಿನ ಅಡ್ಡ ಸೀಟಿನಲ್ಲಿದ್ದ ಅತ್ತೆ ಬಾಗಿಲು ತೆರೆದುಕೊಂಡು ಹೊರಗೆ ಎಸೆಯಲ್ಪಟ್ಟರು. ಗಾಡಿ ಅವರ ಮೇಲೆಯೇ ಬಂತು. ಮುಂದೆ ಕೂತಿದ್ದ ಮಾವನಿಗೆ ಮೊಣಕೈ ತರಚಿತು. ಹೊರಡುವ ಮುಂಚೆ ಅತ್ತೆ, ಇಷ್ಟು ಜನ ಯಾಕೆ, ಇನ್ನೊಂದು ಗಾಡಿ ಮಾಡಬಾರದಿತ್ತೇ ಎಂದಿದ್ದರಂತೆ. "ಏನೂ ಆಗಲ್ಲ ಸುಮ್ನೆ ಹತ್ತವ್ವ" ಎಂದಿತ್ತು ಬಂದ ಉತ್ತರ.

ಆ ಗಾಡಿ ಉರುಳಿದ ರೀತಿ ಪುಸ್ತಕದಲ್ಲಿ ಬರೆದ ಹಾಗೇ ಇದೆ. ಒಂಟಿ ವಾಹನ ಮಗುಚುವ ಅಪಘಾತಗಳಲ್ಲಿ ನೂರಕ್ಕೆ 95ರಷ್ಟು, ಗಾಲಿ ಏನಕ್ಕಾದರೂ ಎಡವಿ ಆಗುವಂಥವು ಎಂದು ಅಮೆರಿಕದವರು ಲೆಕ್ಕ ಹಾಕಿದ್ದಾರೆ. ಮೆತ್ತನೆ ಮಣ್ಣು, ಕಲ್ಲಿನ ಕಟ್ಟೆ, ಚರಂಡಿ. ಓಡುವ ಮನುಷ್ಯನ ಕಾಲಿಗೆ ಹಗ್ಗ ಸಿಕ್ಕಂತೆ. ಹದಿನೈದು ಸೀಟಿನ ವ್ಯಾನುಗಳ ಬಗ್ಗೆ 2001ರಲ್ಲಿ ಅವರೇ ಕೊಟ್ಟ ಎಚ್ಚರಿಕೆ ಇನ್ನೂ ಹತ್ತಿರದ್ದು: ಹತ್ತು ಮಂದಿ ಅಥವಾ ಹೆಚ್ಚು ಜನ ಕೂತಾಗ ಉರುಳುವ ಪ್ರಮಾಣ ಹೆಚ್ಚುಕಡಿಮೆ ಮೂರು ಪಟ್ಟು. ಜನ ಹೆಚ್ಚಿದಂತೆ ಭಾರಕೇಂದ್ರ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಅದರ ಮೇಲೆ ಹಂಡೆ ಬೇರೆ ಇಟ್ಟರೆ?

ಬೆಲ್ಟಿನ ಮಾತು ನಮ್ಮಲ್ಲಿ ಇನ್ನೂ ವಿಚಿತ್ರ. ಕೇಂದ್ರ ಮೋಟಾರು ವಾಹನ ನಿಯಮ 138 ಹಿಂದೆ ಕೂತವರೂ ಬೆಲ್ಟು ಹಾಕಬೇಕೆನ್ನುತ್ತದೆ, ಆದರೆ ಮುಂದಕ್ಕೆ ಮುಖ ಮಾಡಿದ ಸೀಟಿನವರು ಮಾತ್ರ. ಎದುರುಬದುರು ಮೊಣಕಾಲು ತಾಗಿಸಿ ಕೂರುವ ಅಡ್ಡ ಸೀಟಿಗೆ ಆ ಮಾತು ಅನ್ವಯಿಸುವುದಿಲ್ಲ. ಹಳೆಯ ಗಾಡಿಗಳಲ್ಲಿ ಅಲ್ಲಿ ಬೆಲ್ಟೂ ಇರುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಹದಿನಾಲ್ಕರೊಳಗಿನ ಮಗುವನ್ನು ಬೆಲ್ಟಿಲ್ಲದೆ ಕೂರಿಸಿದರೆ ಚಾಲಕನಿಗೆ ಸಾವಿರ ರೂಪಾಯಿ ದಂಡ. ನಾವು ಮಕ್ಕಳನ್ನು ತುಂಬುವುದೋ ಸರಿಯಾಗಿ ಆ ಅಡ್ಡ ಸೀಟಿಗೇ. ಹೊಸ ಗಾಡಿಗಳಲ್ಲಿ, ಜಾರಿದ ಕೂಡಲೇ ಒಂದೊಂದೇ ಗಾಲಿಗೆ ತಾನಾಗಿ ಬ್ರೇಕು ಹಿಡಿದು ನೇರ ಮಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ. ಎತ್ತರದ ಗಾಡಿ ಒಂಟಿಯಾಗಿ ಉರುಳಿ ಸಾವು ತರುವ ಅಪಾಯವನ್ನು ಅದು ನೂರಕ್ಕೆ 80ರಷ್ಟು ತಗ್ಗಿಸುತ್ತದೆಂದು ಅಮೆರಿಕದ ವಿಮಾ ಕಂಪನಿಗಳ ಸಂಸ್ಥೆ 2006ರಲ್ಲಿ ಹೇಳಿತು. ಹಳೆಯ ಸುಮೋ, ಕ್ವಾಲಿಸ್‌ಗಳಿಗೆ ಅದು ಇಲ್ಲ, ಆಮೇಲೆ ಹಾಕಿಸಲೂ ಬರುವುದಿಲ್ಲ. ಹದಿನೈದು ವರ್ಷ ತುಂಬಿದ ಗಾಡಿಗೆ ಆರ್.ಸಿ. ಹೊಸದು ಮಾಡಿಸುವಾಗ ದೀಪ, ಬ್ರೇಕು ನೋಡುತ್ತಾರೆ. ಅದು ಲೋಟವೋ ಬೋಗುಣಿಯೋ ಎಂದು ಅಲ್ಲಿ ಕೇಳುವವರಿಲ್ಲ.

ನಮ್ಮ ಜಿಲ್ಲೆಯ ರಸ್ತೆಗಳೂ ಈಗ ಬೇರೆಯಾಗಿವೆ. ಉಬ್ರಾಣಿ ಕಡೆಯ ಗುಡ್ಡದ ತಿರುವಿನಲ್ಲಿ ಗಾಡಿಗಳು ಹೇಗೂ ನಿಧಾನ. ನನಗೆ ಭಯ ಜಗಳೂರಿನ ಬಯಲಿನದು. ಮೊದಲು ಗುಂಡಿಗಳೇ ಡ್ರೈವರನ ಕಾಲು ಹಿಡಿದಿದ್ದವು. ಈಗ ರಸ್ತೆ ನುಣ್ಣಗೆ, ಮೂವತ್ತರಲ್ಲಿ ಓಡಲು ಹುಟ್ಟಿದ ಗಾಡಿ ತೊಂಬತ್ತರಲ್ಲಿ ಓಡುತ್ತದೆ.

ಹೋದ ವರ್ಷ ನ್ಯಾಮತಿಯ ನಮ್ಮ ಬಂಧುಗಳು ಹಳೆಯ ಗಾಡಿಯೊಂದನ್ನು ಕೊಳ್ಳಲು ಹೊರಟಾಗ ಆ ಮನೆಯ ಸೊಸೆಯೂ ಜೊತೆಗೆ ಹೋದಳು. ಓಡಿಸುವವಳು ಅವಳೇ. ಗಂಡಸರು ಬಾನೆಟ್ ಎತ್ತಿ ಎಂಜಿನ್ನಿನ ಸದ್ದು ಕೇಳುತ್ತಿದ್ದಾಗ ಅವಳು ಕುಕ್ಕರುಗಾಲಲ್ಲಿ ಕೂತು ಟೈರಿನ ಮಗ್ಗುಲು ಒರೆಸಿ ಓದಿದಳು. ಕೊನೆಯ ನಾಲ್ಕು ಅಂಕಿ 3209. ಅಂದರೆ 2009ನೆಯ ಇಸವಿಯ ಮೂವತ್ತೆರಡನೇ ವಾರದಲ್ಲಿ ತಯಾರಾದದ್ದು. ಗೆರೆಗಳು ಸವೆದೇ ಇರಲಿಲ್ಲ. "ಹೊಸಾ ಟೈರಮ್ಮಾ, ಹತ್ತು ಜನ ಆರಾಮಾಗಿ ಕೂರ್ತಾರೆ" ಎಂದ ಬ್ರೋಕರು. ಬೆಲೆಯಲ್ಲಿ ಟೈರಿನ ದುಡ್ಡು ಮುರಿಸಿಕೊಂಡೇ ಗಾಡಿ ತಂದರು. ನಾಲ್ಕೂ ಟೈರು ಬದಲಾದವು, ಹಿಂದಿನ ಅಡ್ಡ ಸೀಟನ್ನು ಮಡಿಸಿ ಕಟ್ಟಿ ಅಲ್ಲಿ ಸಾಮಾನಿಡುತ್ತಾರೆ. ಮೇಲಿನ ಕ್ಯಾರಿಯರನ್ನು ಅವಳು ಬಿಚ್ಚಿಸಿಬಿಟ್ಟಳು. ಈಗ ಅದು ಅವರ ಹಿತ್ತಲಲ್ಲಿದೆ, ಹೀರೇಬಳ್ಳಿ ಹಬ್ಬಿದೆ.